ಪಾತ್ಮೊಸ್‌ನಲ್ಲಿ ಒಂದು ಸೋಮವಾರ

ಬೆಳಗ್ಗೆ ಎಚ್ಚರವಾದಾಗ ಎಂಜಿನ್ನಿನ ಗುಂಯ್ ಸದ್ದು ನಿಂತಿತ್ತು. ಅವ್ವ ಆಗಲೇ ಸ್ನಾನ ಮುಗಿಸಿ, ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕ್ಯಾಬಿನ್ನಿನ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು.

“ಊರು ಬಂತು ನೋಡ. ಗುಡ್ಡದ ಮ್ಯಾಲೆ ಕೋಟಿ ಐತಿ.”

“ಅದು ಕೋಟಿ ಅಲ್ಲವ್ವ, ಮಠ.”

“ಮಠಕ್ಕ್ಯಾಕ ಅಷ್ಟ ದೊಡ್ಡ ಗ್ವಾಡಿ?”

“ಕಡಲ್ಗಳ್ಳರು ಬರ್ತಿದ್ರಂತ.”

“ಮಠದಾಗ ಕದಿಯೂ ಅಂಥಾದ್ದು ಏನಿತ್ತು?”

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬೂದು ಬಣ್ಣದ ಕೋಟೆಯಂಥ ಮಠ, ಅದರ ಕಾಲಬುಡದಲ್ಲಿ ಸುಣ್ಣ ಬಳಿದ ಬಿಳಿ ಮನೆಗಳ ಗುಂಪು, ಕೆಳಗೆ ಸ್ಕಾಲಾ ಎಂಬ ಪುಟ್ಟ ಬಂದರು. ಏಜಿಯನ್ ಸಮುದ್ರದ ಪೂರ್ವದಂಚಿನಲ್ಲಿ, ಟರ್ಕಿಯ ಕರಾವಳಿಗೆ ಹತ್ತಿರದಲ್ಲಿರುವ ಪಾತ್ಮೊಸ್ ಸುಮಾರು 34 ಚದರ ಕಿಲೋಮೀಟರಿನ ದ್ವೀಪ. ಇರುವ ಜನ ಹೆಚ್ಚುಕಡಿಮೆ ಮೂರು ಸಾವಿರ. ನಮ್ಮ ಹಡಗು ದಕ್ಕೆಗೆ ಹೋಗದೆ ಕೊಲ್ಲಿಯಲ್ಲೇ ಲಂಗರು ಹಾಕಿತ್ತು. ಸಣ್ಣ ದೋಣಿಗಳಲ್ಲಿ ದಡ ಸೇರಬೇಕು. ದೋಣಿಗೆ ಕಾಲಿಡುವಾಗ ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಎಪ್ಪತ್ತು ವರ್ಷದ ಜೀವನದಲ್ಲಿ ಅವಳು ಅದಕ್ಕೆ ಮೊದಲು ಹತ್ತಿದ ದೋಣಿಯೆಂದರೆ ನರಸೋಬಾವಾಡಿಯ ಹೊಳೆಯಲ್ಲಿನದು ಒಂದೇ.

ಇಪ್ಪತ್ತೆರಡು ಜನರ ಗುಂಪು ನಮ್ಮದು. ಪುಣೆಯ ಪ್ರವಾಸ ಕಂಪನಿಯೊಂದು ಕರೆತಂದಿದ್ದು, ಹೆಚ್ಚಿನವರು ನಿವೃತ್ತ ಮರಾಠಿ ದಂಪತಿಗಳು. ಅಥೆನ್ಸಿನಿಂದ ಹೊರಟು ನಾಲ್ಕೈದು ದ್ವೀಪ ಸುತ್ತಿ ಮರಳುವ ಯಾತ್ರೆ. ಅವ್ವನಿಗೆ ಹಡಗಿನ ಆಸೆ ಹತ್ತಿಸಿದ್ದು ಅಪ್ಪ. ರಿಟೈರ್ ಆದ ಮೇಲೆ ಕರೆದೊಯ್ಯುತ್ತೇನೆ ಎಂದು ಹೇಳುತ್ತಲೇ ಇದ್ದ. ಅವನಿಲ್ಲವಾದ ಒಂದೂವರೆ ವರ್ಷಕ್ಕೆ ನಾನೂ ಅವ್ವನೂ ಹೊರಟೆವು. ಖರ್ಚಿಗೆ ದುಡ್ಡು ಬಂದದ್ದು ಧಾರವಾಡದ ಮನೆ ಮಾರಿದ್ದರಿಂದ. ಈ ಬರಹಕ್ಕೆ ಆ ಮನೆಯೂ ಬರುತ್ತದೆ, ಆದ್ದರಿಂದ ಮೊದಲೇ ಹೇಳಿದ್ದೇನೆ.

*

ಅವತ್ತು ಸೋಮವಾರ, ಅವ್ವನ ಒಪ್ಪತ್ತು. ಮಧ್ಯಾಹ್ನ ಒಮ್ಮೆ ಮಾತ್ರ ಊಟ, ಅದರಲ್ಲಿ ಮೊಟ್ಟೆಯ ಸೋಂಕೂ ಇರಬಾರದು. ಹಡಗಿನ ಅಡುಗೆಮನೆಯನ್ನು ಅವಳು ಮೊದಲ ದಿನದಿಂದಲೇ ನಂಬಿರಲಿಲ್ಲ. ಬಸ್ ಹೊರಡಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಬಂದರಿನ ಹಿಂದಿನ ಓಣಿಯಲ್ಲಿ ಒಂದು ಬೇಕರಿಗೆ ನುಗ್ಗಿದೆವು.

ಗ್ರೀಸಿನಲ್ಲಿ ಸಸ್ಯಾಹಾರಿಗಳಿಗೆ ‘ವೆಜಿಟೇರಿಯನ್’ಗಿಂತ ಹೆಚ್ಚು ಕೆಲಸಕ್ಕೆ ಬರುವ ಪದವೊಂದಿದೆ: ನಿಸ್ತೀಸಿಮೊ. ‘ನಿಸ್ತೀಯ’ ಎಂದರೆ ಉಪವಾಸ, ‘ನಿಸ್ತೀಸಿಮೊ’ ಎಂದರೆ ಉಪವಾಸಕ್ಕೆ ನಡೆಯುವ ತಿನಿಸು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೊಡ್ಡ ಹಬ್ಬಗಳ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಕೆಲವು ಮಠಗಳಲ್ಲಿ ಸೋಮವಾರವೂ ಈ ನೇಮವುಂಟು. ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಯನ್ನೂ ಪಾಲಕದ ಒಂದು ಕಡುಬನ್ನೂ ತೋರಿಸಿ, “ನಿಸ್ತೀಸಿಮೊ?” ಎಂದು ಕೇಳಿದೆ. ಬೇಕರಿಯ ಅಜ್ಜ ಅವ್ವನ ಹಣೆಯ ವಿಭೂತಿ ನೋಡಿ, ತಲೆಯಾಡಿಸಿ, “ನೆ, ನೆ” ಎಂದ.

ಅವ್ವ ನನ್ನ ತೋಳು ಜಗ್ಗಿದಳು. “ಇಲ್ಲ ಅಂತಾನ, ನಡಿ.”

ಗ್ರೀಕಿನಲ್ಲಿ ‘ನೆ’ ಎಂದರೆ ಹೌದು. ನಲವತ್ತು ವರ್ಷ ಪುಣೆಯಲ್ಲಿ ‘ನಾಹಿ’, ‘ನಹೀ’ ಕೇಳಿದ ಕಿವಿಗೆ ಅದು ಇಲ್ಲವೆಂದೇ ಕೇಳಿಸುತ್ತದೆ. ನಾನು ವಿವರಿಸಿದೆ. ಅವ್ವ ಅಜ್ಜನ ಮುಖವನ್ನು ಇನ್ನೊಮ್ಮೆ ನೋಡಿ, ನನ್ನ ಮಾತಿಗಿಂತ ಆ ಮುಖವನ್ನು ನಂಬಿ, ಎರಡು ರೊಟ್ಟಿ ಕಟ್ಟಿಸಿಕೊಂಡಳು.

ಅನುವಾದವೇ ನನ್ನ ಹೊಟ್ಟೆಪಾಡು. ಬ್ಯಾಂಕಿನ ನೋಟೀಸು, ಔಷಧಿ ಚೀಟಿ, ಆ್ಯಪುಗಳ ಬಟನ್ನು, ವರ್ಷಕ್ಕೊಂದು ಪುಸ್ತಕ. ಆದರೆ ಅವ್ವನ ಪಕ್ಕದಲ್ಲಿ ನಿಂತು ಮಾಡುವ ಅನುವಾದದಷ್ಟು ಕಷ್ಟದ್ದು ಬೇರೊಂದಿಲ್ಲ. ಬಸ್ಸಿನಲ್ಲಿ ಗೈಡ್ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದ, ನಾನು ಎರಡು ವಾಕ್ಯದಲ್ಲಿ ಹೇಳಿದೆ. ಅವ್ವ ಕಿಟಕಿಯಾಚೆ ನೋಡುತ್ತಲೇ ಅಂದಳು: “ಅಂವ ಅಷ್ಟುದ್ದ ಹೇಳಿದ, ನೀ ಇಷ್ಟ ಹೇಳಿದಿ. ಉಳಿದದ್ದು ಎಲ್ಲಿ ಹೋತು?”

*

ಬಂದರಿನಿಂದ ಗುಡ್ಡದ ಮೇಲಿನ ಖೋರಾ ಊರಿಗೆ ಹೋಗುವ ದಾರಿಯ ನಡುವೆ ‘ಪ್ರಕಟನೆಯ ಗವಿ’. ಕ್ರಿ.ಶ. 95ರ ಸುಮಾರಿಗೆ ರೋಮಿನ ಚಕ್ರವರ್ತಿ ಡೊಮಿಶಿಯನ್ನನ ಕಾಲದಲ್ಲಿ ಯೋಹಾನನನ್ನು ಈ ದ್ವೀಪಕ್ಕೆ ಗಡೀಪಾರು ಮಾಡಿದರು, ಈ ಗವಿಯಲ್ಲಿ ಅವನಿಗೆ ದರ್ಶನವಾಯಿತು, ಬೈಬಲಿನ ಕೊನೆಯ ಪುಸ್ತಕ ಹುಟ್ಟಿದ್ದು ಹಾಗೆ ಎಂಬುದು ಸಂಪ್ರದಾಯ. ಆ ಪುಸ್ತಕದ ಗ್ರೀಕ್ ಹೆಸರು ‘ಅಪೊಕಾಲಿಪ್ಸಿಸ್’. ಸಿನಿಮಾಗಳ ದೆಸೆಯಿಂದ ಅದೀಗ ಜಗತ್ತಿನ ಕೊನೆ ಎಂಬ ಅರ್ಥಕ್ಕೆ ಬಂದು ನಿಂತಿದೆ. ಮೂಲದಲ್ಲಿ ಅದು ಮುಚ್ಚಿದ್ದನ್ನು ತೆರೆಯುವುದು, ಮುಸುಕು ತೆಗೆಯುವುದು ಮಾತ್ರ. ಕನ್ನಡ ಬೈಬಲು ‘ಪ್ರಕಟನೆ’ ಎಂದು ಅನುವಾದಿಸಿ ಆ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ.

ಹೂಕುಂಡಗಳ ಅಂಗಳ ದಾಟಿ ಮೆಟ್ಟಿಲಿಳಿಯುತ್ತ ಹೋಗಬೇಕು. ಬಾಗಿಲಲ್ಲಿ ತೋಳು, ಮೊಣಕಾಲು ಕಾಣುವ ಪ್ರವಾಸಿಗರಿಗೆ ಸುತ್ತಿಕೊಳ್ಳಲು ಬಟ್ಟೆ ಕೊಡುತ್ತಿದ್ದರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಯಾರ ಮುಖವನ್ನೂ ನೋಡದೆ ಒಳಗೆ ನಡೆದಳು. ಯಾರೂ ತಡೆಯಲಿಲ್ಲ.

ಗವಿ ಚಿಕ್ಕದು. ಅರ್ಧ ಬಂಡೆ, ಅರ್ಧ ಕಟ್ಟಿದ ಗುಡಿ. ಜೇನುಮೇಣದ ಸಣಕಲು ಬತ್ತಿಗಳು, ಸಾಂಬ್ರಾಣಿಯ ಹೊಗೆ. ಫೋಟೋ ತೆಗೆಯುವಂತಿಲ್ಲ. ನೆಲದ ಹತ್ತಿರ ಬಂಡೆಯಲ್ಲಿ ಬೆಳ್ಳಿಯ ಅಂಚು ಕಟ್ಟಿದ ಒಂದು ತಗ್ಗು: ಯೋಹಾನ ತಲೆಯಿಟ್ಟು ಮಲಗುತ್ತಿದ್ದ ಜಾಗ. ಪಕ್ಕದಲ್ಲಿ ಇನ್ನೊಂದು: ಏಳುವಾಗ ಕೈಯೂರುತ್ತಿದ್ದದ್ದು. ಮೇಲೆ ಮೂರಾಗಿ ಸೀಳಿದ ಬಿರುಕು. ದನಿ ಬಂದದ್ದು ಅಲ್ಲಿಂದ, ಅದು ಮೂರಾಗಿರುವುದು ತ್ರಿಯೇಕ ದೇವರ ಗುರುತು ಎನ್ನುತ್ತಾರೆ. ಬಂಡೆಯದೇ ಒಂದು ಚಾಚು ಎದೆಯ ಮಟ್ಟದಲ್ಲಿ ಮೇಜಿನಂತಿದೆ. ಅದು ಪ್ರೊಖೊರೊಸ್ ನಿಂತು ಬರೆದುಕೊಂಡ ಜಾಗವಂತೆ.

ಈ ಪ್ರೊಖೊರೊಸ್ ಯೋಹಾನನ ಶಿಷ್ಯ, ಅವನ ಲಿಪಿಕಾರ. ಚಿತ್ರಗಳಲ್ಲಿ ಯೋಹಾನ ಎದ್ದುನಿಂತು ಕತ್ತು ಹಿಂದಕ್ಕೆ ತಿರುಗಿಸಿ ಆಕಾಶ ನೋಡುತ್ತಿರುತ್ತಾನೆ. ಪ್ರೊಖೊರೊಸ್ ಆಕಾಶವನ್ನು ನೋಡುವುದಿಲ್ಲ. ತೊಡೆಯ ಮೇಲಿನ ಹಾಳೆಗೆ ಬಾಗಿರುತ್ತಾನೆ. ಅವನಿಗೆ ದನಿ ಕೇಳಿಸಿದ್ದು ಯೋಹಾನನ ಬಾಯಿಂದ.

ಅವ್ವ ಪಿಸುದನಿಯಲ್ಲಿ ಕೇಳಿದಳು: “ಬರ್ಕೊಂತ ಕೂತಾಂವ ಯಾರು?”

ಹೇಳಿದೆ.

“ಅಂವಗ ಎಲ್ಲಾ ಬರೋಬ್ಬರಿ ಕೇಳಿಸ್ತಿತ್ತನ?”

*

ಎಂ.ಎ. ಭಾಷಾಶಾಸ್ತ್ರ ಓದುವಾಗ ಒಂದು ಸೆಮಿಸ್ಟರ್ ಹಳೆಯ ಗ್ರೀಕ್ ಕಲಿತಿದ್ದೆ. ನಮ್ಮ ಮೇಷ್ಟ್ರಿಗೆ ಪ್ರಕಟನೆಯ ಪುಸ್ತಕ ಬಹಳ ಪ್ರಿಯವಾಗಿತ್ತು. ಭಕ್ತಿಯಿಂದಲ್ಲ, ಅದರಲ್ಲಿರುವ ವ್ಯಾಕರಣದ ತಪ್ಪುಗಳಿಗಾಗಿ. ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಅದರ ಗ್ರೀಕಿನಷ್ಟು ಒರಟಾದದ್ದು ಇನ್ನೊಂದಿಲ್ಲ. ಮೊದಲ ಅಧ್ಯಾಯದ ಶುಭಾಶಯದಲ್ಲೇ, ‘ಇಂದ’ ಎಂಬ ಅರ್ಥದ ಪದವೊಂದರ ಮುಂದೆ ದೇವರ ವರ್ಣನೆ ಬರುತ್ತದೆ. ಆ ಪದ ಷಷ್ಠಿ ವಿಭಕ್ತಿಯನ್ನು ಬೇಡುತ್ತದೆ, ಬರೆದಿರುವುದು ಪ್ರಥಮಾ. ನಮ್ಮಲ್ಲಿ ‘ರಾಮನಿಂದ’ ಎನ್ನಬೇಕಾದ ಕಡೆ ‘ರಾಮನು ಇಂದ’ ಎಂದ ಹಾಗೆ. ಇಸ್ಕೂಲಿನ ಹುಡುಗ ಬರೆದರೆ ಕೆಂಪು ಗೆರೆ ಖಾತ್ರಿ.

ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಇದನ್ನು ಗುರುತಿಸಿದ್ದ. ಸುವಾರ್ತೆಯ ಗ್ರೀಕ್ ಅಷ್ಟು ಶುದ್ಧ, ಇದು ಇಷ್ಟು ಒರಟು, ಆದ್ದರಿಂದ ಎರಡನ್ನೂ ಬರೆದವನು ಒಬ್ಬನೇ ಯೋಹಾನನಾಗಿರಲಾರ ಎಂಬುದು ಅವನ ವಾದ. ಬರೆದವನು ಹೀಬ್ರೂ ಅಥವಾ ಅರಮಾಯಿಕ್‌ನಲ್ಲಿ ಯೋಚಿಸಿ ಗ್ರೀಕಿನಲ್ಲಿ ಬರೆದ ಎನ್ನುವವರುಂಟು. ಬೇಕೆಂದೇ ಹಾಗೆ ಬರೆದ, ದೇವರ ಹೆಸರು ಯಾವ ವಿಭಕ್ತಿಗೂ ಬಾಗಬಾರದೆಂದು ನೆಟ್ಟಗೆ ನಿಲ್ಲಿಸಿದ ಎನ್ನುವವರೂ ಉಂಟು.

ಮೇಷ್ಟ್ರು ತೋರಿಸುತ್ತಿದ್ದದ್ದು ಆಮೇಲಿನ ಕಥೆಯನ್ನು. ನಂತರದ ಶತಮಾನಗಳಲ್ಲಿ ಪ್ರತಿ ಮಾಡಿದ ಲಿಪಿಕಾರರಿಗೆ ಆ ತಪ್ಪನ್ನು ನೋಡುತ್ತ ಕೂರಲಾಗಲಿಲ್ಲ. ಬಹುಸಂಖ್ಯೆಯ ಹಸ್ತಪ್ರತಿಗಳಲ್ಲಿ ನಡುವೆ ‘ದೇವರ’ ಎಂಬ ಅರ್ಥದ ಒಂದು ಪದ ಸೇರಿಕೊಂಡಿದೆ. ಷಷ್ಠಿ ಬೇಡುವ ಜಾಗಕ್ಕೆ ಷಷ್ಠಿ ಸಿಕ್ಕಿತು, ವಾಕ್ಯ ಸರಿಹೋಯಿತು. ಮೋಸದ ಉದ್ದೇಶ ಅಲ್ಲಿರಲಿಲ್ಲ. ಇದ್ದದ್ದು ಗೌರವ: ಹಿರಿಯರು ತಪ್ಪು ಮಾತಾಡಿರಲಾರರು, ಅವರು ಹೇಳಬೇಕೆಂದಿದ್ದದ್ದು ಇದೇ ಇರಬೇಕು. “ತಿದ್ದುವವನಿಗೆ ಯಾವಾಗಲೂ ಒಳ್ಳೆಯ ಕಾರಣ ಇರುತ್ತೆ ನೋಡಿ,” ಎಂದು ಮೇಷ್ಟ್ರು ನಗುತ್ತಿದ್ದರು. ಪರೀಕ್ಷೆಯಲ್ಲಿ ನಾನದನ್ನು ಚೆನ್ನಾಗಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಹತ್ತು ಹನ್ನೆರಡು ವರ್ಷಗಳ ನಂತರ ಆ ಬಂಡೆಯ ಮೇಜಿನ ಮುಂದೆ ನಿಂತಾಗ, ಅವ್ವನ ಪ್ರಶ್ನೆಗೆ ನನ್ನ ಬಾಯಿಂದ ಮಾತು ಹೊರಡಲಿಲ್ಲ.

*

ಅಪ್ಪನಿಗೆ ಲಕ್ವ ಹೊಡೆದದ್ದು ಒಂದು ಡಿಸೆಂಬರಿನಲ್ಲಿ. ಬಲಗೈ ಹೋಯಿತು, ಜೊತೆಗೆ ಮಾತು. ನಾಲ್ಕನೇ ದಿನ ಮಾತು ಚೂರುಚೂರಾಗಿ ಮರಳಿದಾಗ ಅದು ಕನ್ನಡವಾಗಿತ್ತು. ನಾಲ್ಕು ದಶಕ ಕಾರ್ಖಾನೆಯಲ್ಲಿ, ಸೊಸೈಟಿಯಲ್ಲಿ, ಕಾಯಿಪಲ್ಯದ ಗಾಡಿಯ ಮುಂದೆ ಆಡಿದ ಮರಾಠಿ ಎಲ್ಲೋ ಹೋಗಿತ್ತು. ಮೊದಲು ಕಲಿತ ನುಡಿ ಮೊದಲು ಮರಳುತ್ತದೆ ಎಂದು ಫ್ರಾನ್ಸಿನ ರಿಬೋ, ಅಲ್ಲ, ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುತ್ತದೆ ಎಂದು 1895ರಲ್ಲಿ ಪಿತ್ರ್, ಹೀಗೆ ಓದಿದ್ದೆ. ಎರಡಕ್ಕೂ ಅಪವಾದಗಳು ಸಾಕಷ್ಟಿವೆ. ಅಪ್ಪನ ಮಟ್ಟಿಗೆ ರಿಬೋ ಗೆದ್ದಿದ್ದ. ಡಾಕ್ಟರು, ಸಿಸ್ಟರು ಮರಾಠಿಯವರು. ಅವ್ವನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅಪ್ಪನ ಬಾಯಿಗೂ ಜಗತ್ತಿಗೂ ನಡುವೆ ನಾನು ನಿಂತೆ.

ಅಣ್ಣ ಇರುವುದು ಹೈದರಾಬಾದಿನಲ್ಲಿ. ಆಸ್ಪತ್ರೆಯ ಖರ್ಚೆಲ್ಲ ಅವನ ತಲೆಯ ಮೇಲಿತ್ತು. ಧಾರವಾಡದ ಮನೆಗೆ ಗಿರಾಕಿ ಬಂದಿದ್ದ, ತಿಂಗಳೊಳಗೆ ಹೇಳಬೇಕಿತ್ತು. ಪವರ್ ಆಫ್ ಅಟಾರ್ನಿ ಮೊದಲಿನಿಂದಲೂ ಅಣ್ಣನ ಹೆಸರಿನಲ್ಲಿತ್ತು. ಆದರೂ ಅಪ್ಪನ ಬಾಯಿಂದ ಒಂದು ಮಾತು ಬರದೆ ಅವನು ಮುಂದುವರಿಯುವವನಲ್ಲ. ವೀಡಿಯೋ ಕಾಲ್ ಮಾಡಿದ. ಫೋನನ್ನು ಅಪ್ಪನ ಮುಖದ ಮುಂದೆ ಹಿಡಿದೆ. ಅಣ್ಣ ಕೇಳಿದ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಎಡಗೈ ಎತ್ತಿ, ಮೂರು ಮಾತು ಹೇಳಿದ.

“ಮನಿ… ಕೊಡೂ… ಬ್ಯಾಡ.”

ಅಣ್ಣನಿಗೆ ತಿಳಿಯಲಿಲ್ಲ. “ಏನಂದ್ರು?” ಎಂದ.

ನಾನು ಹೇಳಿದೆ: “ಮನೀ ಕೊಟ್ಟುಬಿಡು, ನನಗೇನೂ ಬ್ಯಾಡ ಅಂತಾನ.”

ಧಾರವಾಡದ ಕಡೆಯವರಿಗೆ ಇದರ ಸಿಕ್ಕು ಕೂಡಲೇ ಹೊಳೆಯುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ‘ಕೊಡು’ ಎಂದರೆ ಕೊಡು. ಆದರೆ ‘ಕೊಡುವುದು’ ಎಂಬುದಕ್ಕೆ ನಮ್ಮ ಕಡೆ ‘ಕೊಡೂದು’ ಎನ್ನುತ್ತೇವೆ. ‘ಮನಿ ಕೊಡೂದು ಬ್ಯಾಡ’ ಎಂದರೆ ಮನೆ ಮಾರುವುದು ಬೇಡ. ಅಪ್ಪನ ನಾಲಿಗೆ ಆ ದಿನಗಳಲ್ಲಿ ಪದಗಳ ಬಾಲವನ್ನು ನುಂಗುತ್ತಿತ್ತು, ‘ನೀರು’ ‘ನೀ’ ಆಗುತ್ತಿತ್ತು. ನನಗೆ ಕೇಳಿಸಿದ್ದು ದೀರ್ಘ ಊ. ಸ್ವರದ ಉದ್ದವನ್ನು ಅಳೆಯುವುದನ್ನು ಎರಡು ವರ್ಷ ಕಲಿತವಳು ನಾನು. ಆ ಊಕಾರದ ಮುಂದೆ ಒಂದು ‘ದು’ ಬಿದ್ದುಹೋಗಿರಬಹುದೆಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತ್ತು. ಆದರೂ ಹ್ರಸ್ವ ಮಾಡಿದೆ. ‘ಬಿಡು’ ಸೇರಿಸಿದೆ. ‘ನನಗೇನೂ’ ಸೇರಿಸಿದೆ. ವಾಕ್ಯ ಸರಿಹೋಯಿತು.

ಕಾರಣಗಳು ಒಳ್ಳೆಯವೇ ಆಗಿದ್ದವು. ಅಣ್ಣ ಸಾಲದಲ್ಲಿ ಮುಳುಗಿದ್ದ. ಆ ಮನೆಯಲ್ಲಿ ಆರು ವರ್ಷದಿಂದ ಯಾರೂ ಇರಲಿಲ್ಲ, ಹಿತ್ತಲ ಗೋಡೆ ಕುಸಿದಿತ್ತು. ಇನ್ನೊಂದು ಕಾರಣವನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ: ಆ ವರ್ಷ ನನಗೆ ಕೆಲಸ ಕಡಿಮೆಯಾಗಿತ್ತು, ನನಗೂ ದುಡ್ಡು ಬೇಕಾಗಿತ್ತು.

ಫೆಬ್ರವರಿಯಲ್ಲಿ ಮನೆ ಹೋಯಿತು. ಏಪ್ರಿಲಿನಲ್ಲಿ ಅಪ್ಪ ಹೋದ. ನಡುವಿನ ಎರಡು ತಿಂಗಳಲ್ಲಿ ಆ ವಿಷಯ ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

*

ಗವಿಯಿಂದ ಬಸ್ಸು ಖೋರಾಕ್ಕೆ ಹತ್ತಿತು. ಸಂತ ಯೋಹಾನನ ಮಠ ಕಟ್ಟಿದ್ದು 1088ರಲ್ಲಿ. ಬೈಜಾಂಟಿಯಮ್ಮಿನ ಚಕ್ರವರ್ತಿ ಮೊದಲನೇ ಅಲೆಕ್ಸಿಯೊಸ್ ಕೊಮ್ನಿನೊಸ್ ಈ ಇಡೀ ದ್ವೀಪವನ್ನು ಖ್ರಿಸ್ತೊದುಲೊಸ್ ಎಂಬ ಸನ್ಯಾಸಿಗೆ ಬಿಟ್ಟುಕೊಟ್ಟ. ಹೆಸರಿನ ಅರ್ಥ ಕ್ರಿಸ್ತನ ದಾಸ, ನಮ್ಮಲ್ಲಿ ಶಿವದಾಸ ಇದ್ದಂತೆ. ಬಂಗಾರದ ಮುದ್ರೆಯೊತ್ತಿದ ಆ ದಾನಪತ್ರ ಮಠದ ಸಂಗ್ರಹಾಲಯದಲ್ಲಿದೆ. ಅದೇ ವರ್ಷಗಳಲ್ಲಿ ನಮ್ಮ ಕಡೆ ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. ಅವನ ಕಾಲದ ದಾನಶಾಸನಗಳು ಧಾರವಾಡ, ಗದಗ ಸೀಮೆಯ ಗುಡಿಗಳ ಮುಂದೆ ಇವತ್ತಿಗೂ ನಿಂತಿವೆ. ಅವ್ವನಿಗೆ ಹಾಗೆಂದು ಹೇಳಿದಾಗ, “ಕಲ್ಲಾಗ ಕೆತ್ತಿದ್ರ ಯಾರಿಗೂ ತಿದ್ದಾಕ ಬರಂಗಿಲ್ಲ,” ಎಂದಳು. ಅವಳು ಸುಮ್ಮನೆ ಹೇಳಿದ್ದಳು, ನನಗೆ ಮಾತ್ರ ಚುಚ್ಚಿತು.

ಮಠದೊಳಗೆ ಊಟದ ಮನೆಯೊಂದಿದೆ. ಉದ್ದನೆಯ ಕಲ್ಲಿನ ಮೇಜುಗಳನ್ನು ನೋಡಿ ಅವ್ವ “ಪಂಕ್ತಿ” ಎಂದು ತನಗೆ ತಾನೇ ಹೇಳಿಕೊಂಡಳು. ಮಾತೆ ಮರಿಯಳ ಗುಡಿಯಲ್ಲಿ 12ನೇ ಶತಮಾನದ ಭಿತ್ತಿಚಿತ್ರಗಳಿವೆ. ಅವುಗಳ ಮೇಲೆ ಆಮೇಲಿನವರು ಹೊಸ ಚಿತ್ರ ಬರೆದಿದ್ದರು. 1956ರ ಭೂಕಂಪದಲ್ಲಿ ಮೇಲಿನ ಪದರಕ್ಕೆ ಪೆಟ್ಟು ಬಿದ್ದಾಗ ಕೆಳಗಿನದು ಹೊರಬಂತು. ನೇರಳೆ ಬಣ್ಣ ಹಾಕಿದ ತೊಗಲಿನ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ ಆರನೇ ಶತಮಾನದ ಸುವಾರ್ತೆಯೊಂದರ 33 ಹಾಳೆಗಳು ಈ ಮಠದವು. ಅದರ ಬಹುಪಾಲು ರಷ್ಯಾದಲ್ಲಿದೆ. 895ರಲ್ಲಿ ಬರೆದು ಮುಗಿಸಿದ ಪ್ಲೇಟೋನ ಹಸ್ತಪ್ರತಿಯೊಂದು ಇಲ್ಲಿತ್ತು. 1801ರಲ್ಲಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಅದನ್ನು ಪಡೆದು ಒಯ್ದ. ಈಗ ಆಕ್ಸ್‌ಫರ್ಡಿನಲ್ಲಿದೆ.

“ಮುಂಜಾನೆ ಕೇಳಿದ್ಯಲ್ಲ, ಕದಿಯೂ ಅಂಥಾದ್ದು ಏನಿತ್ತು ಅಂತ. ಇದ ನೋಡ, ಪುಸ್ತಕ,” ಎಂದೆ.

*

ಮಠದ ಹೊರಗೆ ಗೋಡೆಗಂಟಿದ ಕಲ್ಲುಕಟ್ಟೆಯ ಮೇಲೆ ಕೂತೆವು. ಎದುರಿಗೆ ಇಡೀ ದ್ವೀಪ, ದಿಬ್ಬದ ಮೇಲೆ ಮೂರು ಗಾಳಿಗಿರಣಿಗಳು, ಕೊಲ್ಲಿಯಲ್ಲಿ ಆಟಿಕೆಯಂತೆ ನಮ್ಮ ಹಡಗು. ಗುಂಪಿನವರು ಕಾಫಿಗೆ ಹೋಗಿದ್ದರು. ಅವ್ವ ರೊಟ್ಟಿ ಬಿಚ್ಚಿ ಒಂದು ತುಂಡು ಮುರಿದು ನನಗೆ ಕೊಟ್ಟಳು. ನಾನು ಹೇಳಿಬಿಟ್ಟೆ. ಊಕಾರದ ವಿಷಯ, ಸೇರಿಸಿದ ಎರಡು ಪದದ ವಿಷಯ, ದುಡ್ಡಿನ ವಿಷಯ.

ಅವ್ವ ರೊಟ್ಟಿಯ ಮೇಲಿನ ಎಳ್ಳನ್ನು ಒಂದೊಂದೇ ಬಿಡಿಸಿ ತಿನ್ನುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕೇಳಿದಳು: “ಆವಾಗ ನಾ ಎಲ್ಲಿದ್ದೆ?”

“ಅಲ್ಲೇ, ಕಾಟಿನ ಆ ಕಡೆ.”

“ಕೈಯಾಗ ಏನಿತ್ತು?”

ನನಗೆ ನೆನಪಿರಲಿಲ್ಲ.

“ಗಂಜಿ ಬಟ್ಟಲಾ. ಚಮಚಾ ಬಾಯಿಗೆ ಹಿಡಿದಿದ್ದೆ. ಅವರು ಕೈ ಎತ್ತಿದ್ದು ಚಮಚಾ ಸರಸಾಕ. ಬ್ಯಾಡ ಅಂದದ್ದು ಗಂಜಿಗೆ ಅಂತ ನಾ ಇಷ್ಟು ದಿನಾ ತಿಳ್ಕೊಂಡಿದ್ದೆ.”

ಹಾಗಾದರೆ ‘ಮನಿ ಕೊಡೂ’ ಎಂಬುದಷ್ಟೇ ಉಳಿಯುತ್ತದೆ. ಅದು ಅಣ್ಣನಿಗೆ ಹೇಳಿದ ಒಪ್ಪಿಗೆಯೋ? ‘ಕೊಡೂದು…’ ಎಂದು ಶುರುಮಾಡಿ ಮುಗಿಸದ ವಾಕ್ಯವೋ? ‘ಮನಿ’ ಎಂದದ್ದು ಆಸ್ಪತ್ರೆ ಬಿಟ್ಟು ಮನೆಗೆ ಹೋಗೋಣ ಎಂದೋ? ಅವ್ವ ಹೇಳಿದ ಮೇಲೆ ನನಗೆ ಹಗುರಾಗಬೇಕಿತ್ತು. ಆಗಲಿಲ್ಲ.

“ಹಂಗಾದ್ರ ನಾ ಹೇಳಿದ್ದು ಸರಿ ಇತ್ತೇನವ್ವ?” ಎಂದೆ.

“ನನಗೇನ ಗೊತ್ತವ್ವ. ಅವರನ್ನ ಕೇಳಬೇಕು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಸರಿ ಇದ್ರೂ ಇರಬಹುದು. ಆದ್ರ ನಿನಗ ಕೇಳಿಸಿದ್ದು ಬ್ಯಾರೆ ಇತ್ತಲ್ಲ. ಕೇಳಿಸಿದ್ದು ಕೇಳಿಸಿದಂಗ ಹೇಳಿದ್ರ ಆತಿತ್ತು. ಅದರ ಅರ್ಥ ಏನಂತ ಮೂರೂ ಮಂದಿ ಕೂತು ನೋಡ್ತಿದ್ವಿ. ನೀ ಒಬ್ಬಾಕಿನ ನೋಡಿ ಮುಗಿಸಿಬಿಟ್ಟಿ.”

ಸಿಟ್ಟಿನ ದನಿಯಲ್ಲ ಅದು. ಸಮಾಧಾನದ್ದೂ ಅಲ್ಲ. ಎದ್ದು ಸೀರೆ ಕೊಡವಿಕೊಂಡಳು. “ನಿಮ್ಮಣ್ಣಗ ಹೇಳು,” ಎಂದಳು.

*

ಸಂಜೆ ಕೊನೆಯ ದೋಣಿಯಲ್ಲಿ ಮರಳಿದೆವು. ಡೆಕ್ಕಿನ ಮೂಲೆಯಲ್ಲಿ ಕೂತು ಅಣ್ಣನಿಗೆ ಮೆಸೇಜ್ ಬರೆಯಲು ಫೋನು ತೆಗೆದೆ. ಅವನು ಮರಾಠಿ ಶಾಲೆಯಲ್ಲಿ ಓದಿದವನು, ಕನ್ನಡ ತಡವರಿಸಿ ಓದುತ್ತಾನೆ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಬರೆದರೆ ಉ ಹಾಕಬೇಕೋ ಊ ಹಾಕಬೇಕೋ ಎಂದು ಮತ್ತೆ ನಾನೇ ತೀರ್ಮಾನಿಸಬೇಕು. ನಡುವಿನ ಮೌನಕ್ಕೆ ಎಷ್ಟು ಚುಕ್ಕಿ ಇಡಬೇಕೆಂದೂ ನಾನೇ ತೀರ್ಮಾನಿಸಬೇಕು. ಕೊನೆಗೆ ದನಿಯಲ್ಲೇ ಕಳಿಸಿದೆ. ಅಪ್ಪ ಹೇಗೆ ಹೇಳಿದನೋ ಹಾಗೆ, ಅಷ್ಟೇ ನಿಲ್ಲಿಸಿ ನಿಲ್ಲಿಸಿ, ಮೂರು ಮಾತು. ಆಮೇಲೆ ನಾನು ಸೇರಿಸಿದ್ದೇನು, ಯಾಕೆ ಎಂದು. ಕೊನೆಗೆ ಅವ್ವನ ಕೈಯಲ್ಲಿದ್ದ ಗಂಜಿಯ ವಿಷಯ.

ಹಡಗು ಹೊರಟಿತ್ತು, ನೆಟ್‌ವರ್ಕ್ ಹೋಗಿತ್ತು. ಮೆಸೇಜಿನ ಪಕ್ಕದ ಗಡಿಯಾರದ ಚಿಹ್ನೆ ರಾತ್ರಿಯಿಡೀ ಹಾಗೇ ಇತ್ತು. ಬೆಳಗ್ಗೆ ರೋಡ್ಸ್ ದ್ವೀಪದ ಹತ್ತಿರ ಬಂದಾಗ ಅದು ಹೋಯಿತು. ಅರ್ಧ ಗಂಟೆಗೆ ಅಣ್ಣನ ಫೋನ್ ಬಂತು. ನಾನು ಹಲೋ ಎನ್ನುವುದರೊಳಗೆ, “ಅವ್ವಗ ಕೊಡು,” ಎಂದ.

ಅವ್ವ ಫೋನು ತೆಗೆದುಕೊಂಡು ಡೆಕ್ಕಿನ ಆ ತುದಿಗೆ ಹೋದಳು. ಇಪ್ಪತ್ತು ನಿಮಿಷವಾದರೂ ಮಾತಾಡಿರಬೇಕು. ಗಾಳಿಗೆ ಒಂದು ಪದವೂ ನನ್ನ ಕಡೆ ಬರಲಿಲ್ಲ. ಒಮ್ಮೆ ಕಣ್ಣೊರೆಸಿಕೊಂಡಂತೆ, ಒಮ್ಮೆ ನಕ್ಕಂತೆ ಕಂಡಿತು. ಮರಳಿ ಬಂದು ಫೋನು ಕೊಟ್ಟಳು.

“ಏನಂದ?” ಎಂದೆ.

“ಅಂವ ನನಗ ಹೇಳ್ಯಾನ. ನಿನಗೇನ ಹೇಳೂದೈತಿ ಊರಿಗೆ ಹೋದಮ್ಯಾಲೆ ನಿನಗ ಹೇಳ್ತಾನಂತ,” ಎಂದಳು ಅವ್ವ. “ನಡೂವ ಯಾರೂ ಬ್ಯಾಡಂತ.”

ಕೆಳಗೆ ಇಳಿಯುವವರ ಸಾಲು ಆಗಲೇ ಉದ್ದವಾಗಿತ್ತು. ಅವ್ವ ನನ್ನ ಕೈ ಹಿಡಿದುಕೊಂಡಳು, ನಾವೂ ಹೋಗಿ ನಿಂತೆವು.